ಲಂಡನ್ನಿನಲ್ಲಿ ಒಂದು ದಿನ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಲಂಡನ್ ನಗರವನ್ನು ಒಂದೇ ದಿನದಲ್ಲಿ ತೋರಿಸಿಬಿಡುತ್ತೇವೆ ಎನ್ನುವ ಪ್ರವಾಸದ ಬಸ್ಸುಗಳು ಅಲ್ಲಿ ಹೇರಳವಾಗಿವೆ. ಅಲ್ಲಿ ಕೆಲಸದಲ್ಲಿರುವ ನಮ್ಮ ಭಾವನವರ ಕೃಪೆಯಿಂದ, ಅಂಥದೊಂದು ಬಸ್ಸಿನಲ್ಲಿ ಒಂದು ಶುಕ್ರವಾರ ಸುತ್ತುವ ಯೋಗ ನನಗೆ ಒದಗಿತು. ಕಂಡದ್ದನ್ನೆಲ್ಲ ಪಟ್ಟಿ ಮಾಡಿ ಓದಿ ತಮ್ಮನ್ನು ದಣಿಸುವುದಿಲ್ಲ. ಕಂಡದ್ದರಲ್ಲಿ ಯಾವುದು ಮನಸ್ಸಿನಲ್ಲಿ ನಿಂತಿತು, ಏತಕ್ಕೆ ನಿಂತಿತು ಎಂಬಷ್ಟನ್ನೇ ಅರಿಕೆ ಮಾಡುತ್ತೇನೆ.

ಮೊದಲು ಮಾರ್ಗದರ್ಶಕಿಯ ಮಾತು. ಅಲ್ಲಿ ಈ ಕೆಲಸಕ್ಕೆ 'ಬ್ಲೂ ಬ್ಯಾಡ್ಜ್' ಎಂಬ ನೀಲಿ ಬಿಲ್ಲೆ ಉಂಟು. ಊರಿನ ಚರಿತ್ರೆಯನ್ನು ಕ್ರಮವಾಗಿ ಅಭ್ಯಾಸ ಮಾಡಿ, ಪರೀಕ್ಷೆ ಕೊಟ್ಟು ತೇರ್ಗಡೆಯಾದವರಿಗೆ ಮಾತ್ರ ಅದು ಸಿಗುತ್ತದೆ. ನಮ್ಮಾಕೆ ಕೊಡೆಯನ್ನು ಎತ್ತಿ ಹಿಡಿದು ಮುಂದೆ ನಡೆದರೆ ನಲವತ್ತು ಜನ ಹಿಂದೆ. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಇಸವಿ ಹೆಸರುಗಳನ್ನು ನೀರು ಕುಡಿದಂತೆ ಹೇಳುತ್ತಿದ್ದಳು.

ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಿಂದ ಪ್ರಾರಂಭ. ೧೦೬೬ರಲ್ಲಿ ಒಂದನೆಯ ವಿಲಿಯಮ್ ಕಿರೀಟ ಧರಿಸಿದಂದಿನಿಂದ ಅಲ್ಲಿಯ ರಾಜರ ಪಟ್ಟಾಭಿಷೇಕ ನಡೆಯುವ ದೇವಾಲಯ ಇದು. ರಾಜರ ಸಮಾಧಿಗಳೊಡನೆ ನ್ಯೂಟನ್ನನ ಸಮಾಧಿಯೂ ಡಾರ್ವಿನ್ನನ ಸಮಾಧಿಯೂ ಇವೆ. ಅರಸರಿಗೂ ವಿದ್ವಾಂಸರಿಗೂ ಒಂದೇ ಸೂರು. ಎದುರಿಗೇ ಪಾರ್ಲಿಮೆಂಟ್ ಭವನ, ಅದರ ಗಡಿಯಾರದ ಗೋಪುರ. ಬಿಗ್ ಬೆನ್ ಎನ್ನುವುದು ಗೋಪುರದ ಹೆಸರಲ್ಲ, ಒಳಗಿನ ದೊಡ್ಡ ಗಂಟೆಯ ಹೆಸರು. ೧೮೫೯ರಿಂದ ಅದು ಹೊತ್ತು ಸಾರುತ್ತ ಬಂದಿದೆ. ಅರಮನೆಯ ಮುಂದೆ ಕಾವಲು ಬದಲಾಯಿಸುವ ವೈಭವವನ್ನು ಜನಗಳ ತಲೆಗಳ ಸಂದಿನಲ್ಲಿ ಕಂಡೆವು. ಹೆಚ್ಚಾಗಿ ಕಂಡದ್ದು ಟೊಪ್ಪಿಗೆಗಳನ್ನೇ.

ಅಲ್ಲಿಂದ ಸೇಂಟ್ ಪಾಲ್ ಇಗರ್ಜಿ. ೧೬೬೬ರ ಸೆಪ್ಟೆಂಬರಿನಲ್ಲಿ ಪುಡಿಂಗ್ ಲೇನ್ ಎಂಬ ಓಣಿಯ ರೊಟ್ಟಿಯಂಗಡಿಯೊಂದರಲ್ಲಿ ಬೆಂಕಿ ಹುಟ್ಟಿ, ಮರದ ಮನೆಗಳನ್ನು ಹಿಡಿದು, ನಾಲ್ಕು ದಿನ ಉರಿಯಿತು. ಸುಮಾರು ೧೩,೨೦೦ ಮನೆಗಳೂ ೮೭ ಇಗರ್ಜಿಗಳೂ ಹಳೆಯ ಸೇಂಟ್ ಪಾಲ್ ಗುಡಿಯೂ ಸುಟ್ಟುಹೋದವು. ಈಗಿನ ಕಟ್ಟಡವನ್ನು ಕ್ರಿಸ್ಟಫರ್ ರೆನ್ ಎಂಬ ಶಿಲ್ಪಿ ೧೬೭೫ರಲ್ಲಿ ಪ್ರಾರಂಭಿಸಿದ. ಅದರ ಗುಮ್ಮಟದ ಒಳಸುತ್ತಿನಲ್ಲಿ ಪಿಸುಮಾತಿನ ಮೊಗಸಾಲೆಯೊಂದು ಇದೆ. ಗೋಡೆಯ ಬಳಿ ಮೆಲ್ಲಗೆ ಆಡಿದ ಮಾತು ಆಚೆಯ ಬದಿಯವರಿಗೆ ಕೇಳುತ್ತದೆ ಎಂದು ಮಾರ್ಗದರ್ಶಕಿ ಕೆಳಗಿನಿಂದಲೇ ಬೆರಳು ಮಾಡಿ ತೋರಿಸಿದಳು. ಎಲ್ಲರೂ ಬೆರಗಾಗಿ ಮೇಲೆ ನೋಡಿದರು.

ನನಗೂ ಸಂತೋಷವಾಯಿತು, ಆದರೆ ಬೆರಗಾಗಲಿಲ್ಲ. ನಮ್ಮಲ್ಲಿ ವಿಜಯಪುರದ ಕಡೆಯವರು ಎಷ್ಟು ಮಂದಿ ಇಲ್ಲ! ಲಂಡನ್ನಿಗೆ ಬೆಂಕಿ ಬೀಳುವುದಕ್ಕೆ ಹತ್ತು ವರ್ಷ ಮೊದಲೇ, ೧೬೫೬ರ ಸುಮಾರಿಗೆ, ಗೋಳಗುಮ್ಮಟದ ಕೆಲಸ ಮುಗಿದಿತ್ತು. ಅಲ್ಲಿಯೂ ಪಿಸುಮಾತು ಓಡಾಡುತ್ತದೆ. ಗಾತ್ರದಲ್ಲಿ ರೆನ್ನನ ಗುಮ್ಮಟ ಅದಕ್ಕಿಂತ ಕಿರಿದು. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ. ರೆನ್ ದೊಡ್ಡ ಶಿಲ್ಪಿಯೇ ಸರಿ. ಎರಡನ್ನೂ ಬಲ್ಲವನಿಗೆ ಎರಡರ ಹಿರಿಮೆಯೂ ತಿಳಿಯುತ್ತದೆ, ಒಂದನ್ನೇ ಬಲ್ಲವನು ಬಾಯಿ ತೆರೆದುಕೊಂಡು ನಿಲ್ಲುತ್ತಾನೆ. ಇಷ್ಟೇ ನನ್ನ ಮಾತು.

ಮಧ್ಯಾಹ್ನ ದೋಣಿಯಲ್ಲಿ ಥೇಮ್ಸ್ ನದಿಯನ್ನಿಳಿದು ಟವರ್ ಕೋಟೆಗೆ ಹೋದೆವು. ರಾಜಮನೆತನದ ಒಡವೆಗಳಿರುವುದು ಅಲ್ಲಿ. ಕಿರೀಟಗಳ ಮುಂದೆ ನಿಂತು ನೋಡುವ ಹಾಗಿಲ್ಲ. ನೆಲವೇ ಪಟ್ಟೆಯಂತೆ ಚಲಿಸುತ್ತ ನಮ್ಮನ್ನು ಮುಂದಕ್ಕೆ ಒಯ್ದುಬಿಡುತ್ತದೆ. ನಮ್ಮ ಮಿಲ್ಲಿನಲ್ಲಿ ಸರಕು ಹೋಗುವಂತೆ ಅಲ್ಲಿ ಜನ ಹೋಗುತ್ತಾರೆ. ಕೋಹಿನೂರ್ ವಜ್ರ ಕಣ್ಣಿಗೆ ಬಿದ್ದದ್ದು ಕೆಲವೇ ಕ್ಷಣ. ೧೮೪೯ರಲ್ಲಿ ಪಂಜಾಬನ್ನು ಕಂಪನಿ ಸರ್ಕಾರ ವಶಪಡಿಸಿಕೊಂಡಾಗ, ಹತ್ತು ವರ್ಷದ ಬಾಲಕ ಮಹಾರಾಜ ದಲೀಪ್ ಸಿಂಗನಿಂದ ಒಪ್ಪಂದದ ಮೇರೆಗೆ ಪಡೆದದ್ದು ಅದು. ಹತ್ತು ವರ್ಷದ ಹುಡುಗನ ಒಪ್ಪಿಗೆಗೆ ಎಷ್ಟು ಬೆಲೆ ಎಂದು ತಾವೇ ಊಹಿಸಬಹುದು. ಆ ಹುಡುಗನ ಕಥೆ ತಿಳಿಯದಿದ್ದರೆ ಅದು ಹೊಳೆಯುವ ಒಂದು ಕಲ್ಲು, ಅಷ್ಟೆ.

ಗುಮಾಸ್ತನ ಅಭ್ಯಾಸ ಬಿಡದು. ಬಸ್ಸಿನಲ್ಲಿ ಕುಳಿತೇ ದಿನದ ಜಮಾಖರ್ಚು ಬರೆದೆ. ಒಟ್ಟು ಎಂಟು ಗಂಟೆ. ಅದರಲ್ಲಿ ಬಸ್ಸಿಗೂ ಸರತಿಯ ಸಾಲಿಗೂ ನಾಲ್ಕು, ಊಟಕ್ಕೆ ಮುಕ್ಕಾಲು, ದೋಣಿಗೆ ಅರ್ಧ. ವಸ್ತುಗಳ ಎದುರಿಗೆ ನಿಂತದ್ದು ಮೂರು ಗಂಟೆಯೂ ಇಲ್ಲ. ಇದಕ್ಕೆ ಮಾರ್ಗದರ್ಶಕಿಯನ್ನು ದೂರುವಂತಿಲ್ಲ. ಆಕೆ ಬಾಗಿಲುಗಳನ್ನು ತೋರಿಸುವವಳು, ಒಳಹೊಕ್ಕು ನೋಡತಕ್ಕವರು ನಾವು.

ಸಂಜೆ ಬಸ್ಸು ಇಳಿದ ಮೇಲೆ ನೆಲದಡಿಯ ರೈಲು ಹತ್ತಿದೆ. ಲೋಕದಲ್ಲೇ ಮೊದಲನೆಯ ಸುರಂಗ ರೈಲು ಅದು, ೧೮೬೩ರಲ್ಲಿ ಶುರುವಾದದ್ದು. ಬೋರಿಬಂದರಿನಿಂದ ಠಾಣೆಗೆ ರೈಲು ಓಡಿದ್ದು ಅದಕ್ಕೂ ಹತ್ತು ವರ್ಷ ಹಿಂದೆ. ನಮ್ಮ ಲೋಕಲ್ಲಿನಲ್ಲಿ ನುರಿತವನಿಗೆ ಅಲ್ಲಿಯ ನೂಕುನುಗ್ಗಲು ಏನೂ ಅಲ್ಲ. ಇಳಿದದ್ದು ಸೌತ್ ಕೆನ್ಸಿಂಗ್ಟನ್ನಿನಲ್ಲಿ, ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕಾಗಿ. ಪ್ರವಾಸದ ಬಸ್ಸು ಅಲ್ಲಿಗೆ ಹೋಗಿರಲಿಲ್ಲ. ಶುಕ್ರವಾರ ಅದು ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಪ್ರವೇಶ ಉಚಿತ.

ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಟೀಪೂ ಸುಲ್ತಾನನ ಹುಲಿ ಇದೆ. ಮರದಲ್ಲಿ ಮಾಡಿ ಬಣ್ಣ ಬಳಿದ ಹುಲಿ, ಅದರ ಅಡಿಯಲ್ಲಿ ಬಿದ್ದಿರುವ ಐರೋಪ್ಯ ಸಿಪಾಯಿ. ಹೊಟ್ಟೆಯೊಳಗೆ ವಾದ್ಯದ ಯಂತ್ರ ಉಂಟು. ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟುವ ಸದ್ದೂ ಮನುಷ್ಯ ನರಳುವ ಸದ್ದೂ ಬರುವಂತೆ ಮಾಡಿದ್ದಾರೆ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಅದನ್ನು ಒಯ್ದರು. ೧೮೦೮ರಲ್ಲಿ ಲಂಡನ್ನಿನ ತಮ್ಮ ಕಚೇರಿಯ ವಾಚನಾಲಯದಲ್ಲಿಯೇ ಪ್ರದರ್ಶನಕ್ಕಿಟ್ಟರು. ನೋಡಬಂದವರೆಲ್ಲ ಹಿಡಿ ತಿರುಗಿಸುವರು, ಹುಲಿ ಗರ್ಜಿಸುವುದು, ಓದುತ್ತ ಕುಳಿತವರು ಕಾಟ ತಾಳಲಾರದೆ ದೂರು ಹೇಳುವರು! ನಮ್ಮ ವಾಚನಾಲಯದಲ್ಲಿ 'ನಿಶ್ಶಬ್ದ' ಎಂಬ ಹಲಗೆಯ ಕೆಳಗೇ ಕ್ರಿಕೆಟ್ಟಿನ ಚರ್ಚೆ ಮಾಡುವ ಮಿತ್ರರು ಇದನ್ನು ಗಮನಿಸಬೇಕು.

ನಾನು ಅರ್ಧ ಗಂಟೆ ಅಲ್ಲಿಯೇ ನಿಂತೆ. ಅಷ್ಟು ಹೊತ್ತಿನಲ್ಲಿ ಎಷ್ಟೋ ಜನ ಬಂದು, ನಕ್ಕು, ಚಿತ್ರ ತೆಗೆದುಕೊಂಡು ಹೋದರು. ಅವರಿಗೆ ಅದು ವಿಚಿತ್ರವಾದ ಆಟಿಕೆ. ನಮಗೆ ಹಾಗಲ್ಲ. ಸೋತವನ ಮನೆಯ ವಸ್ತು ಗೆದ್ದವನ ಊರಿನಲ್ಲಿ ವಿನೋದವಾಗುತ್ತದೆ. ಅದರ ಹಿಂದಿನ ನೋವನ್ನು ಬಲ್ಲವರು ನಾವೇ ಓದಿ ಇಟ್ಟುಕೊಳ್ಳಬೇಕು. ಬೇರೆ ಯಾರೂ ನಮಗಾಗಿ ಅದನ್ನು ನೆನಪಿಡುವುದಿಲ್ಲ.

ಇನ್ನೆರಡು ಸ್ಥಳಗಳನ್ನು ಹೇಳಿ ಮುಗಿಸುತ್ತೇನೆ. ಪಾರ್ಲಿಮೆಂಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ನದಿಯ ಆಚೆಯ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯಲ್ಲಿ, ಬಸವೇಶ್ವರರ ಪ್ರತಿಮೆ ಇದೆ. ೨೦೧೫ರ ನವೆಂಬರ್ ೧೪ರಂದು ಅನಾವರಣವಾದದ್ದು. ಅದೇ ದಿನವೇ ಕಿಂಗ್ ಹೆನ್ರಿ ರಸ್ತೆಯ ೧೦ನೆಯ ನಂಬರಿನ ಮನೆಯೂ ಸ್ಮಾರಕವಾಗಿ ತೆರೆಯಿತು. ಡಾ. ಅಂಬೇಡ್ಕರ್ ಅವರು ೧೯೨೧-೨೨ರಲ್ಲಿ ವಿದ್ಯಾರ್ಥಿಯಾಗಿ ವಾಸವಾಗಿದ್ದ ಮನೆ ಅದು. ನಮ್ಮ ಬಸ್ಸು ಈ ಎರಡು ಕಡೆಗೂ ನಿಲ್ಲಲಿಲ್ಲ. ನಾನು ಮಾರನೆಯ ದಿನ ಹೋಗಿ ನೋಡಿಬಂದೆ.

ಮಿತ್ರರೇ, ನಮ್ಮಲ್ಲಿ ಲಂಡನ್ನಿಗೆ ಹೋಗುವವರು ಕೆಲವರೇ. ಆದರೆ ರಜೆಯಲ್ಲಿ ಹಂಪೆಗೋ, ಅಜಂತಕ್ಕೋ, ದೆಹಲಿಗೋ ಎಲ್ಲರೂ ಹೋಗುತ್ತೇವೆ. ಟಿಕೇಟು ಕೊಳ್ಳುವುದಕ್ಕೆ ಮುಂಚೆ ನಾಲ್ಕು ಸಂಜೆ ಈ ಬೆಂಚಿನ ಮೇಲೆ ಕುಳಿತು ಆ ಊರಿನ ವಿಷಯ ಓದಿಕೊಳ್ಳಿ. ಬಸ್ಸಿಗೆ ಹಣ ಬೇಕು, ಮಾರ್ಗದರ್ಶಕರಿಗೆ ಹಣ ಬೇಕು. ಕಣ್ಣು ತೆರೆಸುವ ಪುಸ್ತಕ ಮಾತ್ರ ಇಲ್ಲಿ ಧರ್ಮಾರ್ಥವಾಗಿ ಸಿಗುತ್ತದೆ. ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ.