ಪ್ಲಗ್ ಕಿತ್ತ ಮೇಲೂ ಉಳಿಯುವ ಕರೆಂಟು



ನಮ್ಮ ಕೊಡಗಿನ ಮಳೆಗಾಲದಲ್ಲಿ ಮೈಕ್ರೋವೇವ್ ಓವನ್ ಕೆಡಲು ಕಾರಣ ಹುಡುಕಬೇಕಿಲ್ಲ. ತೇವ, ಹೋಗಿ ಬರುವ ಕರೆಂಟು, ಬೆಚ್ಚಗಿದೆಯೆಂದು ಒಳಹೊಕ್ಕ ಜಿರಲೆ. "ಪ್ಲಗ್ ತೆಗೆದಿದ್ದೇನೆ, ಬಿಚ್ಚಿ ನೋಡಲೇ?" ಎಂದು ಕೇಳುವವರಿಗೆಲ್ಲ ನಾನು ಬೇಡ ಎನ್ನುತ್ತೇನೆ.

ಗೋಡೆಯ 230 ವೋಲ್ಟನ್ನು ಒಳಗಿನ ಟ್ರಾನ್ಸ್‌ಫಾರ್ಮರ್ ಸುಮಾರು 2000ಕ್ಕೆ ಏರಿಸುತ್ತದೆ. ಕೆಪಾಸಿಟರ್, ಡಯೋಡ್ ಸೇರಿ ಅದನ್ನು ಹೆಚ್ಚುಕಡಿಮೆ ಇಮ್ಮಡಿಸಿ ಮ್ಯಾಗ್ನೆಟ್ರಾನ್‌ಗೆ ಕೊಡುತ್ತವೆ. ಮಹಾಯುದ್ಧದ ರಾಡಾರಿನಲ್ಲಿದ್ದ ಕೊಳವೆ ಅದು. ಅದರಿಂದ ಅಡುಗೆ ಮಾಡಬಹುದೆಂದು 1945ರಲ್ಲಿ ಕಂಡುಕೊಂಡವರು ಅಮೆರಿಕದ ಪರ್ಸಿ ಸ್ಪೆನ್ಸರ್. ಕೆಪಾಸಿಟರ್ ಎಂದರೆ ಮಾಳಿಗೆಯ ಟ್ಯಾಂಕಿದ್ದಂತೆ, ಪಂಪು ನಿಂತರೂ ನೀರು ಉಳಿದಿರುತ್ತದೆ. ಅದನ್ನು ಬರಿದು ಮಾಡಲು ಒಂದು ರೆಸಿಸ್ಟರ್ ಇರುತ್ತದೆ, ನಿಜ. ಅದೇ ಸುಟ್ಟಿದ್ದರೆ ಹೊರಗಿನಿಂದ ತಿಳಿಯದು. ಮುಟ್ಟಿದರೆ ಜೀವ ಹೋಗಬಹುದು.

ದೀಪವೂ ಬಾರದಿದ್ದರೆ ಫ್ಯೂಸ್ ಹೋಗಿರಬಹುದು. ಬಾಗಿಲ ಬಳಿ ಸಾಮಾನ್ಯವಾಗಿ ಮೂರು ಪುಟ್ಟ ಸ್ವಿಚ್ಚುಗಳಿರುತ್ತವೆ. ಮೊದಲಿನವು ಅಂಟಿಕೊಂಡು, ಬಾಗಿಲು ತೆರೆದರೂ ಕರೆಂಟು ಹರಿಯುವಂತಾದರೆ ಮೂರನೆಯದು ಬೇಕೆಂದೇ ಫ್ಯೂಸನ್ನು ಸುಡುತ್ತದೆ. ಅಲ್ಲಿ ತಂತಿ ಸುತ್ತಿ ಜಾಣತನ ತೋರುವವರು ಆ ಕಾವಲನ್ನೇ ಕಿತ್ತಂತೆ. ದೀಪ ಉರಿದು, ತಟ್ಟೆ ತಿರುಗಿಯೂ ಕಡಂಬುಟ್ಟು ತಣ್ಣಗೇ ಉಳಿದರೆ ದೋಷ ಹೆಚ್ಚಾಗಿ ಹೈ ವೋಲ್ಟೇಜ್ ಭಾಗದಲ್ಲಿ, ಬಲ್ಲವರಿಗೆ ಒಪ್ಪಿಸಿ. ಕಿಡಿ ಹಾರಿದರೆ ಒಳಗೋಡೆಯ ಮೈಕಾ ಹಾಳೆ ನೋಡಿ, ಎಣ್ಣೆ ಹಿಡಿದು ಸುಟ್ಟಿರಬಹುದು.

ಇವತ್ತು ಮನೆಗೆ ಹೋದವರು ಒಂದು ಕೆಲಸ ಮಾಡಿ. ಟ್ರಾನ್ಸ್‌ಫಾರ್ಮರಿನ ಒಂದು ತುದಿ ಪೆಟ್ಟಿಗೆಯ ಲೋಹಕ್ಕೇ ಸೇರಿರುತ್ತದೆ. ಹಾಗಾಗಿ ಆ ಸಾಕೆಟ್ಟಿನ ಮೂರನೆಯ ತೂತಿಗೆ ಅರ್ಥ್ ನಿಜಕ್ಕೂ ಬಂದಿದೆಯೇ ಎಂದು ವಯರಿಂಗ್ ಬಲ್ಲವರಿಂದ ಪರೀಕ್ಷಿಸಿಸಿ. ಹಳೆಯ ಮನೆಗಳಲ್ಲಿ ತೂತು ಮಾತ್ರ ಇರುವುದುಂಟು.