ಊರಿನ ಕರೆಂಟು ಮತ್ತು ಸಹಕಾರ
(ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರದ ವಿಷಯವನ್ನು ಹಿಂದೆ ಮಾತಾಡಿದವರು ಹೇಳಿದ್ದಾರೆ. ನಾವು ಕರೆಂಟಿನ ಬಗ್ಗೆ ಎರಡು ಮಾತು ಹೇಳುತ್ತೇವೆ. ನಮ್ಮ ಜಿಲ್ಲೆಯ ಜೋಗದಲ್ಲಿ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಲ್ಲೇ ಶುರುವಾಯಿತು. ಮುಂದೆ ಲಿಂಗನಮಕ್ಕಿ ಅಣೆಕಟ್ಟೆಗೆ ಊರೂರೇ ಮುಳುಗಿದವು. ಆದರೂ ಬೇಸಿಗೆ ಬಂತೆಂದರೆ ರಾತ್ರಿ ತ್ರೀಫೇಸ್ ಕಾಯುತ್ತ ತೋಟದಲ್ಲಿ ನಿಲ್ಲುವುದು ನಮ್ಮ ಪಾಡು.

ಒಂದು ಬೇಸಿಗೆಯಲ್ಲಿ ನಮ್ಮ ಕಡೆಯ ಟಿ.ಸಿ. ಸುಟ್ಟಿತು. ಸಾಗಿಸುವ ಗಾಡಿ ಬಾಡಿಗೆಗೆ ವಂತಿಗೆ ಹಾಕೋಣ ಎಂದೆವು. ಕೆಲವರು ಕೊಟ್ಟರು, ಕೆಲವರು ‘ಆಮೇಲೆ ನೋಡೋಣ’ ಅಂದರು. ನಾವೂ ಲೆಕ್ಕ ಬರೆದಿಡಲಿಲ್ಲ. ಟಿ.ಸಿ. ಬರುವಷ್ಟರಲ್ಲಿ ಎಳೇ ಅಡಿಕೆ ಸಸಿ ಒಣಗಿದವು, ಮನಸ್ಸೂ ಒಡೆದವು. ತಪ್ಪು ನಮ್ಮದೂ ಇತ್ತು.

ಜನರೇ ಸೇರಿ ಕರೆಂಟು ನಡೆಸುವುದು ಹೊಸದಲ್ಲ. ಬೆಳಗಾವಿ ಜಿಲ್ಲೆಯಲ್ಲಿ 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕರೆಂಟು ಕೊಂಡು ಸದಸ್ಯರಿಗೆ ಹಂಚುತ್ತ ಬಂದಿದೆ. ಊರಲ್ಲೇ ತಯಾರಿಸಿದವರೂ ಉಂಟು. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮೊದಲು ಅಡುಗೆಗೆಂದು ಗೋಬರ್ ಗ್ಯಾಸ್ ಕೊಡಲು ಹೋದರು, ಗ್ಯಾಸ್ ಸಾಲಲಿಲ್ಲ. ಊರವರು ‘ನಮಗೆ ಮೊದಲು ನೀರು ಬೇಕು’ ಎಂದರು. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ನಲ್ಲಿ ನೀರು, ದೀಪ ಎರಡನ್ನೂ ಕೊಟ್ಟರು. ಸಗಣಿ ತೂಗಿ ಕಿಲೋಗೆ 2 ಪೈಸೆ ಕೊಡುತ್ತಿದ್ದರು, ಗೊಬ್ಬರ ವಾಪಸ್ಸು. ದುಡ್ಡು ಕಟ್ಟದವರಿಗೆ ದೀಪ ಇಲ್ಲ. ಎಂಜಿನ್ನಿಗಿಂತ ಆ ತೂಕ, ಆ ಕಟ್ಟುಪಾಡೇ ದೊಡ್ಡದು ಎಂದು ನಮಗನ್ನಿಸುತ್ತದೆ.

ಈಗ ಸೂರ್ಯನ ಕಾಲ. ಗುಜರಾತಿನ ಧುಂಡಿ ಎಂಬ ಹಳ್ಳಿಯಲ್ಲಿ ಆರೇ ಜನ ರೈತರು ಸೋಲಾರ್ ಪಂಪಿನ ಸಹಕಾರ ಸಂಘ ಕಟ್ಟಿ, ನೀರು ಹೊಡೆದು ಮಿಕ್ಕ ಕರೆಂಟನ್ನು 2016ರಿಂದ ಸರಬರಾಜು ಕಂಪನಿಗೆ ಮಾರತೊಡಗಿದರು. ನಮ್ಮ ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ನೀವು ಕೇಳಬಹುದು. ಮಳೆಗಾಲದಲ್ಲಿ ತೋಟಕ್ಕೆ ನೀರೂ ಬೇಡವಲ್ಲ! ನೀರು ಬೇಕಾದ ಫೆಬ್ರವರಿ-ಮೇ ತಿಂಗಳಲ್ಲೇ ಬಿಸಿಲು ಜೋರು. ಒಳ್ಳೇ ಬಿಸಿಲಿದ್ದರೆ 1 ಕಿಲೋವ್ಯಾಟಿನ ಪ್ಯಾನೆಲ್ಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. 10 ಎಚ್.ಪಿ. ತನಕ ಪಂಪ್‌ಸೆಟ್ಟಿಗೆ ಬಿಲ್ಲಿಲ್ಲ, ಇದೇಕೆ ಬೇಕು ಎನ್ನುವವರೂ ಇದ್ದಾರೆ. ಪುಕ್ಕಟೆ ಕರೆಂಟು ಬೇಕಾದ ಹೊತ್ತಿಗೆ ಬರದಿದ್ದರೆ ಗಿಡಕ್ಕೇನು ಲಾಭ?

ಹಾಗೆಂದು ನಾಳೆಯೇ ಪ್ಯಾನೆಲ್ ತರೋಣ ಎನ್ನುವುದಿಲ್ಲ. ಯಾರ ಪಾಲೆಷ್ಟು, ಸರದಿ ಹೇಗೆ, ರಿಪೇರಿಗೆ ತಿಂಗಳಿಗೆ ಎಷ್ಟು ಎತ್ತಿಡಬೇಕು, ಕಟ್ಟದಿದ್ದರೆ ಏನು ಮಾಡಬೇಕು ಎಂಬುದನ್ನು ಮೊದಲು ಪುಸ್ತಕದಲ್ಲಿ ಬರೆಯೋಣ. ಡೈರೆಕ್ಟರುಗಳಾದ ನಮಗೂ ಅದೇ ಕಾನೂನು ಇರಲಿ. ಇಪ್ಪತ್ತೈದು ವರ್ಷ ಈ ಸಂಘ ನಿಂತಿರುವುದು ಸಾಲ ತಗೊಂಡವರಿಂದಲ್ಲ, ವಾಯಿದೆಗೆ ಸರಿಯಾಗಿ ಕಟ್ಟಿದವರಿಂದ. ಅದೇ ನಡತೆ ಇದ್ದರೆ ಕರೆಂಟನ್ನೂ ನಡೆಸಬಹುದು.