ಒಂದೇ ಕೋಣೆಯ ಮನೆಯಲ್ಲಿ ನೆಮ್ಮದಿ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಗೃಹಾಲಂಕಾರ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ನಗು ಬರುವುದು ಸಹಜ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಬಾಡಿಗೆ ಕೋಣೆ. ಅದರಲ್ಲಿಯೇ ಅಡಿಗೆ, ಊಟ, ನಿದ್ರೆ, ಮಕ್ಕಳ ಪಾಠ. ಊರಿನಿಂದ ಬಂದ ನೆಂಟರೂ ಅಲ್ಲಿಯೇ. ಇದರಲ್ಲಿ ಅಲಂಕಾರಕ್ಕೆ ಜಾಗವೆಲ್ಲಿ ಎಂದು ತಾವು ಕೇಳಬಹುದು. ನಾನು ಹೇಳಹೊರಟಿರುವುದು ಸೊಗಸಿನ ಮಾತಲ್ಲ, ಜಗಳದ ಮಾತು.

ಬೆಳಿಗ್ಗೆ ಎಂಟು ಗಂಟೆಗೆ ಬೀಗದ ಕೈ ಸಿಗುವುದಿಲ್ಲ. ಯಜಮಾನರು ರೇಗುತ್ತಾರೆ, ಮನೆಯಾಕೆ ಎದುರು ಮಾತಾಡುತ್ತಾರೆ, ಮಗು ಅಳುತ್ತಲೇ ಶಾಲೆಗೆ ಹೋಗುತ್ತದೆ. ಕೊನೆಗೆ ಕೈ ಕೌದಿಯ ಮಡಿಕೆಯಲ್ಲಿ ಸಿಗುತ್ತದೆ. ದೊಡ್ಡ ಮನೆಯಲ್ಲಿ ಸಿಟ್ಟು ಬಂದವನು ಇನ್ನೊಂದು ಕೋಣೆಗೆ ಹೋಗಿ ಕೂಡಬಹುದು. ನಮಗೆ ಇನ್ನೊಂದು ಕೋಣೆಯೇ ಇಲ್ಲ. ಆದುದರಿಂದ ಅಚ್ಚುಕಟ್ಟು ಶ್ರೀಮಂತರಿಗಿಂತ ನಮಗೇ ಹೆಚ್ಚು ಬೇಕು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರವನ್ನು ಹಾಳುಗೆಡವಿತು. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿದರು. ನದಿಯ ಮೇಲ್ಭಾಗದಲ್ಲಿ ಜಲಾಶಯ ಕಟ್ಟಿ ನೀರನ್ನು ಅಲ್ಲಿಯೇ ತಡೆಯಿರಿ ಎಂಬುದು ಅವರ ಸಲಹೆಯ ತಿರುಳು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಬೈದರೆ ನೀರು ಕೇಳುವುದಿಲ್ಲ, ನಿಲ್ಲಲು ಅದಕ್ಕೊಂದು ಸ್ಥಳ ಬೇಕು. ಮನೆಯ ಸಾಮಾನೂ ಅಂಥದೇ.

ಈ ವಿದ್ಯೆ ನಮ್ಮ ಹಿರಿಯರಿಗೆ ಹೊಸದಲ್ಲ. ಕಲಬುರ್ಗಿ, ರಾಯಚೂರು ಕಡೆಯ ಹಳೆಯ ಮನೆಯನ್ನು ನೆನಪಿಗೆ ತಂದುಕೊಳ್ಳಿರಿ. ದಪ್ಪ ಗೋಡೆಯಲ್ಲಿ ಮಾಡ, ಅದರಲ್ಲಿ ದೀಪ; ಗೂಟಕ್ಕೆ ರುಮಾಲು; ನೆಲುವಿನಲ್ಲಿ ಬೆಣ್ಣೆಯ ಗಡಿಗೆ. ಅಜ್ಜಿ ಕತ್ತಲೆಯಲ್ಲಿಯೂ ಕೈಚಾಚಿ ಬೇಕಾದುದನ್ನು ತೆಗೆಯುತ್ತಿದ್ದಳು. ಇಲ್ಲಿಯ ಗೋಡೆ ತೆಳುವು, ಮಾಡವಿಲ್ಲ. ಮೊಳೆ ಹೊಡೆಯಲು ಎಷ್ಟೋ ಮಾಲೀಕರು ಬಿಡುವುದಿಲ್ಲ. ಹೀಗಾಗಿ ಸಾಮಾನೆಲ್ಲ ನೆಲಕ್ಕೆ ಇಳಿಯಿತು. ಅದನ್ನು ಮೇಲೆತ್ತುವುದೇ ಮೊದಲ ಕೆಲಸ. ಮಂಚದ ಒಂದೊಂದು ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಭದ್ರವಾಗಿ ಇಟ್ಟರೆ ಟ್ರಂಕುಗಳೆಲ್ಲ ಅಡಿಯಲ್ಲಿ ಹೋಗುತ್ತವೆ. ಜುಮ್ಮೆರಾತ್ ಬಜಾರಿನಲ್ಲಿ ಹಳೆಯ ಕಪಾಟು ಹುಡುಕಿದರೆ ಮೊಳೆಯ ಚಿಂತೆಯೂ ತಪ್ಪುತ್ತದೆ.

ಕಾಗದಪತ್ರಗಳಿಗೆ ಒಂದು ತಗಡಿನ ಪೆಟ್ಟಿಗೆ ಬೇರೆಯಾಗಿಯೇ ಇರಲಿ. ಇದನ್ನು ಒತ್ತಿ ಹೇಳುತ್ತೇನೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371 ಜೆ ವಿಧಿ ಬೀದರ, ಕಲಬುರ್ಗಿ, ರಾಯಚೂರು ಮುಂತಾದ ಜಿಲ್ಲೆಗಳವರಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ಮೀಸಲಾತಿ ತಂದಿದೆ. ಆದರೆ ಅರ್ಹತಾ ಪತ್ರ ಬೇಡುವವರು ಹುಟ್ಟಿನ ಅಥವಾ ವಾಸದ ದಾಖಲೆ ತೋರಿಸಬೇಕು. ತಂದೆಯ ಶಾಲೆಯ ದಾಖಲೆ ಹಳೆಯ ಪತ್ರಿಕೆಗಳ ಜೊತೆ ರದ್ದಿಗೆ ಹೋದರೆ ಮಗಳು ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು. ಬಾಡಿಗೆಯ ರಸೀದಿ, ರೇಷನ್ ಕಾರ್ಡು, ಆಧಾರ್ ಎಲ್ಲವೂ ಆ ಪೆಟ್ಟಿಗೆಗೇ ಸೇರಲಿ.

ರಾತ್ರಿ ಪಾಳಿ ಮುಗಿಸಿ ಬಂದವರ ಕಷ್ಟ ಬೇರೆ. ಹಗಲು ನಿದ್ರೆ ಕೆಟ್ಟವನ ನಾಲಗೆಯಲ್ಲಿ ಒಳ್ಳೆಯ ಮಾತು ಹೊರಡುವುದಿಲ್ಲ. ಅಡ್ಡ ಹಗ್ಗ ಕಟ್ಟಿ, ಹಳೆಯ ಇಳಕಲ್ ಸೀರೆಯನ್ನು ಎರಡು ಪದರಾಗಿ ಇಳಿಬಿಟ್ಟರೆ ಮಲಗಲು ಅರೆಗತ್ತಲೆಯ ಒಂದು ಮೂಲೆ ಸಿಗುತ್ತದೆ. ಒಲೆಯ ಹತ್ತಿರ ಮಾತ್ರ ಬಟ್ಟೆ ತೂಗಬಿಡಬಾರದು.

ಇನ್ನು ಅಲಂಕಾರ. ಗೋಡೆಗೆ ಬಿಳಿಯ ಸುಣ್ಣ ಸಾಕು. ಇದ್ದ ಬೆಳಕು ಇಮ್ಮಡಿಯಾದಂತೆ ತೋರುತ್ತದೆ. ಅಂಗಡಿಯವರು ಕೊಟ್ಟ ಐದು ಕ್ಯಾಲೆಂಡರುಗಳಲ್ಲಿ ನಾಲ್ಕನ್ನು ತೆಗೆಯಿರಿ. ದೇವರ ಪಟಗಳ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ! ಬೀದರಿನ ಬಿದ್ರಿ ಪಾತ್ರೆ ನೋಡಿದ್ದೀರಿ. ಸತು, ತಾಮ್ರ ಬೆರೆಸಿದ ಲೋಹವನ್ನು ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಸುತ್ತಲಿನ ಆ ಕಪ್ಪು ಬರಿದಾಗಿರುವುದರಿಂದಲೇ ಬೆಳ್ಳಿಯ ಎಳೆ ಎದ್ದು ಕಾಣುತ್ತದೆ. ಖಾಲಿ ಗೋಡೆಯ ಮೇಲೆ ಒಂದೇ ಚಿತ್ರವಿದ್ದರೂ ಹಾಗೆಯೇ. ನೆಲದ ಬಗೆಗೆ ನಾಚಬೇಕಾಗಿಲ್ಲ. ಇಲ್ಲಿಯ ಹಳೆಯ ಮನೆಗಳಲ್ಲಿ ಹಾಸಿರುವ ಶಹಾಬಾದ ಕಲ್ಲು ನಮ್ಮ ಕಲಬುರ್ಗಿ ಜಿಲ್ಲೆಯದೇ. ಒರೆಸಿದರೆ ಬೇಸಿಗೆಯಲ್ಲಿ ಅದಕ್ಕಿಂತ ತಂಪಾದ ಹಾಸಿಗೆಯಿಲ್ಲ. ಅದನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವುದು ನನಗೇನೋ ಸರಿಯೆನಿಸದು.

ಇಷ್ಟನ್ನೂ ಮನೆಯಾಕೆಯ ತಲೆಗೆ ಕಟ್ಟಿ ಗಂಡಸರು ಪತ್ರಿಕೆ ಹಿಡಿದು ಕುಳಿತರೆ ಜಗಳ ಇಮ್ಮಡಿಯಾಗುತ್ತದೆ. ತೆಗೆದವನೇ ಇಡಬೇಕು. ನಾಲ್ವರು ಸೇರಿ ಕೋಣೆ ಹಿಡಿದಿರುವ ತರುಣರಿಗೂ ಇದೇ ಕಟ್ಟಳೆ. ತಲೆಗೊಂದು ಟ್ರಂಕು, ಬಾಗಿಲ ಬಳಿ ಚಪ್ಪಲಿಗೆ ಒಂದು ಹಲಗೆ.

ನೀರಿನ ಡ್ರಮ್ಮಿನ ಮಾತು ಉಳಿಯಿತು. ಅನೇಕ ಬಡಾವಣೆಗಳಲ್ಲಿ ನಲ್ಲಿ ದಿನ ಬಿಟ್ಟು ದಿನ ಬರುತ್ತದೆ, ಆದ್ದರಿಂದ ಡ್ರಮ್ಮು ತಪ್ಪಿದ್ದಲ್ಲ. ಅದನ್ನು ಹೊಸ್ತಿಲಲ್ಲಿ ಇಡದೆ ಬಚ್ಚಲ ಪಕ್ಕಕ್ಕೆ ಸರಿಸಿ, ಸೊಳ್ಳೆ ಹೋಗದಂತೆ ಮುಚ್ಚಿ, ಮೇಲೆ ಒಂದು ಮಣೆ ಇಟ್ಟರೆ ತೊಳೆದ ಪಾತ್ರೆಗಳನ್ನು ಅದರ ಮೇಲೆಯೇ ಬೋರಲು ಹಾಕಬಹುದು.